ವಿಹಾರವರ್ಣನೆಯೂ ಪ್ರವಾಸಕಥನವೂ

ಕನ್ನಡದ ಪ್ರವಾಸಕಥನಗಳ ವಿಮರ್ಶೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಪ್ರಾಚೀನ ಕವಿಗಳು ಮನೆಯಲ್ಲಿ ಕುಳಿತು ವನವನ್ನು ವರ್ಣಿಸಿದರು, ಆಧುನಿಕರು ಹೊರಟುಹೋಗಿ ಕಣ್ಣಾರೆ ಕಂಡುದನ್ನು ಬರೆದರು, ಆದುದರಿಂದ ಪ್ರವಾಸಸಾಹಿತ್ಯವು ಕೇವಲ ನವೀನರ ಸೃಷ್ಟಿ ಎಂಬುದೇ ಆ ಮಾತು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ದಂಡಿಯು ಕಾವ್ಯಾದರ್ಶದ ಪ್ರಥಮ ಪರಿಚ್ಛೇದದಲ್ಲಿ ಸರ್ಗಬಂಧಕ್ಕೆ ಲಕ್ಷಣವನ್ನು ಹೇಳುವಾಗ ನಗರ ಸಮುದ್ರ ಪರ್ವತ ಋತುಗಳೊಡನೆ ಉದ್ಯಾನವಿಹಾರ, ಜಲಕ್ರೀಡೆ, ಪ್ರಯಾಣಗಳನ್ನೂ ಎಣಿಸಿದನು. ಲಕ್ಷ್ಯವನ್ನು ನೋಡಿ ಮಾಡಿದ ಲಕ್ಷಣವದು. ಬಳಿಕ ಬಂದವರು ಲಕ್ಷಣವನ್ನು ನೋಡಿ ಲಕ್ಷ್ಯವನ್ನು ಕಟ್ಟಿದರು. ಹದಿನೆಂಟು ವರ್ಣನೆಗಳೂ ತುಂಬಲೇಬೇಕೆಂಬ ಹಟದಿಂದ ಎಲ್ಲ ಕೊಳಗಳಲ್ಲಿಯೂ ತಾವರೆ ಅರಳಿತು, ಎಲ್ಲ ತಾವರೆಗಳ ಬಳಿಯೂ ಹಂಸೆ ನಿಂತಿತು.

ಈ ದೋಷವನ್ನು ಕಾಳಿದಾಸನ ಮೇಲೆ ಹೊರಿಸುವಂತಿಲ್ಲ. ರಾಮಗಿರಿಯಿಂದ ಅಲಕೆಗೆ ಸಂದೇಶವನ್ನು ಕಳುಹಿಸುವ ಯಕ್ಷನಿಗೆ ಮೇಘವು ಬೇಗನೆ ಸೇರಬೇಕೆಂಬ ಆತುರ. ಆದರೂ ದಾರಿ ಸೊಟ್ಟಗಾದರೂ ಚಿಂತೆಯಿಲ್ಲ, ಉಜ್ಜಯಿನಿಯನ್ನು ನೋಡದೆ ಹೋಗಬೇಡವೆಂದು ಅವನೇ ಹೇಳುತ್ತಾನೆ. ದೂತನಿಗೆ ತ್ವರೆ ಬೇಕು, ವಿಹಾರಿಗೆ ಬಳಸುದಾರಿ ಬೇಕು. ಪೂರ್ವಮೇಘದ ಜೀವವಿರುವುದು ಈ ಎರಡರ ಸೆಣಸಾಟದಲ್ಲಿ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನಾದರೂ ತೀರ್ಥಯಾತ್ರೆಗೆ ಹೊರಟ ಅರ್ಜುನನನ್ನು ಬನವಾಸಿಗೆ ಕರೆತಂದು, ಅಲ್ಲಿ ಕಥೆಯನ್ನು ನಿಲ್ಲಿಸಿ ತನ್ನ ಮನಸ್ಸನ್ನೇ ಬಿಚ್ಚಿದನು. ಕಥೆಗೆ ಬೇಕಾಗದ ಈ ನಿಲುಗಡೆಯೇ ಇಂದಿಗೂ ಕನ್ನಡಿಗರ ನಾಲಗೆಯ ಮೇಲಿದೆ.

ಆಧುನಿಕರಲ್ಲಿ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯನ್ನು ಎಲ್ಲರೂ ಮೊದಲು ಸ್ಮರಿಸುತ್ತಾರೆ, ಅದು ಉಚಿತವೇ. ಆದರೆ ಹಂಪೆಯು ತಾನಾಗಿಯೇ ಮಾತನಾಡುವ ಸ್ಥಳ. ಯಾತ್ರಿಕನು ಅಲ್ಲಿಗೆ ಹೋಗುವುದಕ್ಕೆ ಮೊದಲೇ ಅವನ ಕಣ್ಣು ತುಂಬಿರುತ್ತದೆ. 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ‘ಅಮೆರಿಕದಲ್ಲಿ ಗೊರೂರು’ ಎಂಬ ಗ್ರಂಥದ ಹೆಸರಿನಲ್ಲಿಯೇ ಒಂದು ಶ್ಲೇಷೆಯಿದೆ: ಅಮೆರಿಕಕ್ಕೆ ಹೋದವರು ಗ್ರಂಥಕರ್ತರು ಮಾತ್ರವಲ್ಲ, ಅವರ ಊರು ಸಹ. ನನ್ನ ಮತದಲ್ಲಿ ಇವೆರಡಕ್ಕಿಂತಲೂ ವಿಮರ್ಶಕನಿಗೆ ಹೆಚ್ಚು ಪಾಠವನ್ನು ಹೇಳುವ ಗ್ರಂಥವು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. 1978ರಲ್ಲಿ ಅದೇ ಪ್ರಶಸ್ತಿಯನ್ನು ಪಡೆದ ಈ ಗ್ರಂಥವನ್ನು ಪ್ರವಾಸಕಥನದ ಪಂಕ್ತಿಯಲ್ಲಿ ಕೂರಿಸಲು ಕೆಲವರು ಅನುಮಾನಿಸುತ್ತಾರೆ. ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಶಿಷ್ಯರೊಡನೆ ಕಾಡನ್ನು ಸುತ್ತುತ್ತ, ಗಿಡದ ಮುಂದೆ ನಿಂತು, ಅದರ ಹೆಸರನ್ನೂ ಕಥೆಯನ್ನೂ ಹೇಳಿ, ಚಿತ್ರವನ್ನೂ ಬರೆದು ಮುಂದಕ್ಕೆ ಹೋಗುವುದು ಪ್ರವಾಸವಲ್ಲದಿದ್ದರೆ ಇನ್ನಾವುದು ಪ್ರವಾಸ? ಈಗಿನ ಅನೇಕ ಪ್ರವಾಸಲೇಖನಗಳಲ್ಲಿ ಗಿಡವೆಂದರೆ ‘ಹಸಿರು’, ಹಕ್ಕಿಯೆಂದರೆ ‘ಕಲರವ’. ಬೆಟ್ಟದ ಮೇಲಿನ ಸೂರ್ಯೋದಯ, ಜಲಪಾತ, ದಾರಿಯ ಕಾಫಿ, ಗಾಡಿ ಕೆಟ್ಟು ನಿಂತುದು—ಇವು ಇಂದಿನವರ ಅಷ್ಟಾದಶವರ್ಣನೆಗಳು. ತಾವರೆ ಹಂಸೆಗಳಾದರೂ ಎಷ್ಟೋ ವಾಸಿ.

ಹೀಗೆ ಪರರನ್ನು ಆಕ್ಷೇಪಿಸುವ ನನ್ನ ಯೋಗ್ಯತೆಯನ್ನು ಮಾಲೂರು ತಾಲ್ಲೂಕಿನ ಲಕ್ಕೂರು ಪರೀಕ್ಷಿಸಿತು. ಇದು ಪ್ರವಾಸಿಗಳು ಅರಸಿಕೊಂಡು ಬರುವ ಊರಲ್ಲ. ಇದೇ ಹೋಬಳಿಯ ಚಿಕ್ಕತಿರುಪತಿಗೆ ಮಾತ್ರ ಜನ ಬರುವರು. ದೊಡ್ಡ ತಿರುಪತಿಗೆ ಹೋಗಲಾರದವರು ಹರಕೆಯನ್ನು ಇಲ್ಲಿ ಒಪ್ಪಿಸಬಹುದೆಂದು ನಂಬಿಕೆ. ಸ್ಥಳಪುರಾಣವು ಈ ಕ್ಷೇತ್ರವನ್ನು ಖಾಂಡವದಹನದ ಅಗ್ನಿಯೊಡನೆ ಸೇರಿಸುತ್ತದೆ. ಆದಿಪರ್ವದಲ್ಲಿ ಆ ಕಥೆಯ ಆರಂಭವನ್ನು ನೆನೆಯಬೇಕು: ಬೇಸಗೆಯ ಸೆಕೆಗೆ ಕೃಷ್ಣಾರ್ಜುನರು ಪರಿವಾರದೊಡನೆ ಯಮುನೆಗೆ ವಿಹಾರಕ್ಕೆ ಹೋಗುತ್ತಾರೆ, ಅಲ್ಲಿಗೆ ಅಗ್ನಿಯು ಬ್ರಾಹ್ಮಣವೇಷದಿಂದ ಬರುತ್ತಾನೆ. ವನವಿಹಾರವೊಂದು ವನದಹನದಲ್ಲಿ ಮುಗಿಯಿತು. ಈ ಸೀಮೆಯ ನೀಲಗಿರಿ ತೋಪುಗಳ ನಡುವೆ ನಡೆಯುವಾಗ, ಹಿಂದೆ ಇಲ್ಲಿ ಯಾವ ಗಿಡಗಳಿದ್ದವೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇದೇ ತಾಲ್ಲೂಕಿನಲ್ಲಿ ಮಾಸ್ತಿಯವರು 1891ರಲ್ಲಿ ಜನಿಸಿದ ಹೊಂಗೇನಹಳ್ಳಿಯು ತನ್ನ ಹೊಂಗೆಯನ್ನು ಹೆಸರಿನಲ್ಲಿಯಾದರೂ ಉಳಿಸಿಕೊಂಡಿದೆ.

ಲಕ್ಕೂರಿನಿಂದ ಕಾಲ್ನಡೆಯಿಂದ ಹೊರಟವನು ಒಂದು ಕೆರೆಯ ಏರಿಯ ಮೇಲೆ ನಿಂತೆನು. ತೂಬಿನ ಬಳಿ ಮುದುಕಿಯೊಬ್ಬಳು ಪೊದೆಯೊಂದರಿಂದ ಸೊಪ್ಪನ್ನು ಮುರಿದು ಕಟ್ಟುತ್ತಿದ್ದಳು. ಎಲೆಯ ತಳಭಾಗ ಬೂದುಬಿಳುಪು, ತುದಿಯಲ್ಲಿ ನಸುನೀಲಿಯ ಹೂಗೊಂಚಲು, ಕಟುವಾದ ವಾಸನೆ. “ಇದೇನಮ್ಮ?” ಎಂದೆ. “ಲಕ್ಕಿ ಸೊಪ್ಪು ಸ್ವಾಮಿ, ಬಾಣಂತಿ ನೀರಿಗೆ. ನಿಮ್ಮ ಕಡೆ ಇಲ್ವಾ?” ಎಂದಳು. ಗಡಿಸೀಮೆಯವಳಾದುದರಿಂದ “ತೆಲುಗೋರು ವಾವಿಲಿ ಅಂತಾರೆ” ಎಂದೂ ಸೇರಿಸಿದಳು. ಲಕ್ಕಿಯೆಂದರೆ ನಿರ್ಗುಂಡಿ, ನಿರ್ಗುಂಡಿಯನ್ನು ಅಮರಸಿಂಹನು ವನೌಷಧಿವರ್ಗದಲ್ಲಿ ಸಿಂಧುವಾರದೊಡನೆ ಹೇಳಿದ್ದಾನೆ. ಸಿಂಧುವಾರವೋ, ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಪಾರ್ವತಿಯು ಮುತ್ತಿನ ಸರಕ್ಕೆ ಬದಲಾಗಿ ಧರಿಸಿ ಬಂದ ಹೂವು! ಮೂವತ್ತು ವರ್ಷ ಆ ಶ್ಲೋಕಕ್ಕೆ ಅನ್ವಯ, ಪ್ರತಿಪದಾರ್ಥ, ಅಲಂಕಾರಗಳನ್ನು ಹೇಳಿದವನು ನಾನು. ಶಿಷ್ಯನಾರಾದರೂ ಸಿಂಧುವಾರವೆಂದರೇನೆಂದು ಕೇಳಿದರೆ “ಒಂದು ಪುಷ್ಪವಿಶೇಷ” ಎಂದು ಮುಗಿಸುತ್ತಿದ್ದೆನು. ಊರ ಹೆಸರನ್ನೂ ಲಕ್ಕಿಗೆ ತಳುಕು ಹಾಕುವ ಚಾಪಲವೊಂದು ಬಂದಿತು; ಅದು ನಿರುಕ್ತವಲ್ಲ, ವಿನೋದವೆಂದು ಬಿಟ್ಟೆನು.

ಆದರೆ ಬಿಡಲಾಗದ ಮಾತು ಇನ್ನೊಂದು. ಅರಳಿದ ಲಕ್ಕಿಯ ಹೂವಿಗೆ ಮುತ್ತಿನ ಸಾಮ್ಯವು ಸುಲಭವಾಗಿ ಹೊಂದುವುದಿಲ್ಲ, ಬಣ್ಣ ನೀಲಿ. ಮುದುಕಿಯ ಹೊರೆಯಲ್ಲಿದ್ದ ಒಂದು ಕಡ್ಡಿಯನ್ನು ಹತ್ತಿರದಿಂದ ನೋಡಿದಾಗ, ಇನ್ನೂ ಬಿರಿಯದ ಸಣ್ಣ ಮೊಗ್ಗುಗಳು ಬಿಳಿಯ ನವಿರಿನಿಂದ ಮುಚ್ಚಿ, ಕಡ್ಡಿಯುದ್ದಕ್ಕೂ ಸಾಲಾಗಿ ಪೋಣಿಸಿದಂತೆ ಇದ್ದುವು. ಕವಿಯು ಕಂಡುದು ಈ ಮೊಗ್ಗಿನ ಸಾಲನ್ನೇ ಇರಬೇಕೆಂದು ನನಗೆ ತೋರುತ್ತದೆ. ಸಿಂಧುವಾರವು ಬಿಳಿಯ ಹೂವಿನ ಬೇರೊಂದು ಜಾತಿಯೆಂದು ವಾದಿಸುವವರಿದ್ದರೆ ಅವರ ಪಕ್ಷವನ್ನೂ ಈ ಪತ್ರಿಕೆಯಲ್ಲಿ ಓದಲು ಕುತೂಹಲಿಯಾಗಿದ್ದೇನೆ. ವಾದಕ್ಕೆ ಬರುವಾಗ ಒಂದು ಕಡ್ಡಿಯನ್ನು ಕೈಯಲ್ಲಿ ಹಿಡಿದು ಬಂದರೆ ಸಾಕು.