ಇಳಿತವನ್ನು ಮರೆತ ಜಿಗಿತ

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ (ಕ್ರಿ.ಶ. 1126–1138) ‘ಮಾನಸೋಲ್ಲಾಸ’ವು ಮಲ್ಲರಿಗೆ ವಿಧಿಸಿದ ಸ್ತಂಭಶ್ರಮವನ್ನು ಮಲ್ಲಕಂಬದ ಪ್ರಾಚೀನತೆಗೆ ಆಧಾರವಾಗಿ ಉದಾಹರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಆಧಾರವೇನೋ ಸಮರ್ಪಕವಾದುದೇ. ಆದರೆ ಇಂತಹ ಬರಹಗಳು ಮಲ್ಲನನ್ನು ಕಂಬದ ತುದಿಗೇರಿಸಿ ಅಲ್ಲಿಯೇ ಬಿಟ್ಟುಬಿಡುತ್ತವೆ. ಅವನು ನೆಲಕ್ಕೆ ಹೇಗೆ ಇಳಿದನೆಂದು ವಿಚಾರಿಸುವುದಿಲ್ಲ. ಕಲ್ಯಾಣಕ್ಕೆ ನೆರೆಯಾದ, ಶಾಸನಗಳ ‘ಅಲಂದೆ ಸಾಸಿರ’ದ ಆಳಂದದಲ್ಲಾಗಲಿ, ಅಫಜಲಪುರ, ಜೇವರ್ಗಿಗಳಲ್ಲಾಗಲಿ ಇಂದು ಜಿಗಿತವನ್ನು ಕಲಿಸುವವರಿಗೂ ಈ ಪ್ರಶ್ನೆ ಎದುರಾಗದಿರದು. ಕ್ರೀಡಾಕೂಟದ ಪಟ್ಟಿಯಲ್ಲಿ ಎತ್ತರಕ್ಕೂ ದೂರಕ್ಕೂ ಅಂಕಣವುಂಟು, ಇಳಿದ ಬಗೆಗೆ ಇಲ್ಲ.

ಜಿಗಿತದ ಇತಿಹಾಸವಾದರೋ ಬಹುಮಟ್ಟಿಗೆ ಬೀಳುವ ನೆಲದ ಇತಿಹಾಸ. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಅಮೆರಿಕದ ಡಿಕ್ ಫಾಸ್ಬರಿಯು ಬೆನ್ನು ಕೆಳಗಾಗಿ ಪಟ್ಟಿಯನ್ನು ದಾಟಿ 2.24 ಮೀಟರಿನಿಂದ ಗೆದ್ದನು. ಮರಳಿನ ಗುಂಡಿಯ ಸ್ಥಾನದಲ್ಲಿ ದಪ್ಪನೆಯ ಮೆತ್ತೆ ಬಂದಿರದಿದ್ದರೆ ಆ ವಿಧಾನವು ಕತ್ತಿಗೆ ಕುತ್ತಾಗುತ್ತಿತ್ತು. ಹೊಟ್ಟೆ ಕೆಳಗಾಗಿ ಪಟ್ಟಿಯನ್ನು ದಾಟುವ ಹಳೆಯ ಕ್ರಮದಿಂದಲೇ ಸೋವಿಯತ್ ದೇಶದ ಬ್ರೂಮೆಲನು 1963ರಲ್ಲಿ 2.28 ಮೀಟರ್ ಜಿಗಿದಿದ್ದನೆಂಬುದನ್ನೂ ನೆನೆಯಬೇಕು. ಮೆತ್ತೆಯಿಲ್ಲದೆಡೆ ಫಾಸ್ಬರಿಯ ಅನುಕರಣೆಯನ್ನು ಪ್ರಗತಿಯೆನ್ನಲು ನಾವು ಒಪ್ಪಲಾರೆವು. ಬೇಸಗೆಯಲ್ಲಿ ಬಿರಿದು ಕಲ್ಲಾಗುವ ಈ ಎರೆನೆಲದಲ್ಲಿ ಹುಡುಗರಿಗೆ ಕತ್ತರಿಕಾಲಿನ ಜಿಗಿತವನ್ನೇ ಕಲಿಸತಕ್ಕದ್ದು. ಅದರಲ್ಲಿ ಪಾದಗಳ ಮೇಲೆಯೇ ಇಳಿಯಬಹುದು. ಅದಕ್ಕೂ ಆಳವಾಗಿ ಅಗೆದು ಮರಳು ತುಂಬಿದ ಗುಂಡಿ ಅವಶ್ಯ.

ಪಾದದಿಂದ ಇಳಿಯುವುದೂ ತಾನಾಗಿ ಬರುವ ವಿದ್ಯೆಯಲ್ಲ. ಮೊಣಕಾಲನ್ನು ನೆಟ್ಟಗೆ ಸೆಟೆದು ಇಳಿದರೆ ಪೆಟ್ಟೆಲ್ಲವೂ ಕೀಲಿಗೇ ತಗಲುವುದು. ಮೊಣಕಾಲಿನೊಳಗಣ ಅಡ್ಡ ಅಸ್ಥಿರಜ್ಜು ಎಷ್ಟೋ ವೇಳೆ ಯಾರ ತಾಕಲಾಟವೂ ಇಲ್ಲದೆ, ಇಳಿಯುವಾಗ ಅಥವಾ ಥಟ್ಟನೆ ತಿರುಗುವಾಗಲೇ ಹರಿಯುತ್ತದೆ. ಹುಡುಗಿಯರಲ್ಲಿ ಈ ಅಪಾಯ ಹೆಚ್ಚು. ಆದುದರಿಂದ ಮೊದಲು ಗೇಣೆತ್ತರದ ಮೆಟ್ಟಿಲಿನಿಂದ ಇಳಿಸಬೇಕು. ಅಂಗಾಲಿನ ಮುಂಭಾಗ ನೆಲ ಮುಟ್ಟಿದೊಡನೆ ಹಿಮ್ಮಡಿ ಊರಬೇಕು. ಸೊಂಟವೂ ಮೊಣಕಾಲೂ ಜೊತೆಗೂಡಿ ಮಡಿಯಬೇಕು. ಮೊಣಕಾಲು ಒಳಕ್ಕೆ ಬಾಗದೆ ಕಾಲ್ಬೆರಳಿನ ನೇರಕ್ಕಿರಬೇಕು. ಸದ್ದಿಲ್ಲದೆ ಇಳಿಯಲು ಬಂದ ಮೇಲೆಯೇ ಎತ್ತರವನ್ನು ಏರಿಸತಕ್ಕದ್ದು. ಗುರುವಿನ ಕಿವಿಯೇ ಇಲ್ಲಿ ಅಳತೆಗೋಲು.

ನಮ್ಮ ತಾಲೀಮಿನ ಉಸ್ತಾದರಿಗೆ ಬೀಳುವುದೂ ಪಾಠದ ಭಾಗವೆಂಬುದು ತಿಳಿದಿತ್ತು. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಕಣವನ್ನು ಹದಗೊಳಿಸುತ್ತಿದ್ದರು. ಅದನ್ನು ಅಗೆದು ಸಡಿಲಿಸುವವರು ಕುಸ್ತಿಯಾಡುವ ಹುಡುಗರೇ. ಜಿಗಿತದ ಗುಂಡಿಯ ಗುದ್ದಲಿಯನ್ನೂ ಜವಾನನ ಕೈಯಲ್ಲಿ ಬಿಡದೆ, ಪ್ರತಿ ಸರದಿಗೆ ಮುನ್ನ ಜಿಗಿಯುವವರಿಗೇ ಒಪ್ಪಿಸುವುದು ಲೇಸು.