ಮೂವರ ತಂಡಕ್ಕೆ ತಲುಪದ ಸುರಕ್ಷತೆ

ಪ್ಲಂಬಿಂಗ್, ಎ.ಸಿ., ಕೋಲ್ಡ್ ಸ್ಟೋರೇಜ್ ಕೆಲಸ ಹಿಡಿಯುವ ಗುತ್ತಿಗೆದಾರರ ಮಟ್ಟಿಗೆ ನಮ್ಮ ಸುರಕ್ಷತಾ ಕಾನೂನು ಮೊದಲು ತಲೆ ಎಣಿಸುತ್ತದೆ, ಅಪಾಯವನ್ನು ಆಮೇಲೆ ನೋಡುತ್ತದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಅನ್ವಯವಾಗಲು ಕನಿಷ್ಠ ಹತ್ತು ಜನ ಕೆಲಸಗಾರರಿರಬೇಕಿತ್ತು; 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಗೆ ವಿನಾಯಿತಿಯಿತ್ತು. 2025ರ ನವೆಂಬರ್ 21ರಂದು ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಹತ್ತರ ಮಿತಿಯನ್ನು ಹಾಗೇ ಉಳಿಸಿಕೊಂಡು, ಮನೆಯ ಮಿತಿಯನ್ನು 50 ಲಕ್ಷಕ್ಕೆ ಏರಿಸಿದೆ.

ವಿಜಯಪುರ ನಗರ, ತಿಕೋಟಾ, ಬಬಲೇಶ್ವರಗಳಲ್ಲಿ ಈ ಕೆಲಸ ಸಾಗುವುದು ಸಾಮಾನ್ಯವಾಗಿ ಒಬ್ಬ ಮೇಸ್ತ್ರಿ, ಒಬ್ಬಿಬ್ಬರು ಹೆಲ್ಪರುಗಳಿಂದ. ಸಂಪು, ಟಾಕಿ, ಸೋಲಾರ್ ವಾಟರ್ ಹೀಟರ್ ಜೋಡಿಸುವವರು, ಬೇಸಿಗೆಯಲ್ಲಿ ಎ.ಸಿ.ಗೆ ಗ್ಯಾಸ್ ತುಂಬುವವರು, ಮಣೂಕ (ಒಣದ್ರಾಕ್ಷಿ) ಇಡುವ ಕೋಲ್ಡ್ ಸ್ಟೋರೇಜಿನ ರಿಪೇರಿಗೆ ಹೋಗುವವರು ಇಂಥ ಪುಟ್ಟ ತಂಡಗಳವರೇ. ಹತ್ತರ ಗೆರೆ ಇವರನ್ನು ಹೊರಗಿಡುತ್ತದೆ.

ಅಪಾಯ ಮಾತ್ರ ಇವರನ್ನು ಬಿಟ್ಟಿಲ್ಲ. ಎಲ್ಲಕ್ಕಿಂತ ದೊಡ್ಡದು ಸಂಪಿನದು. ಹೊಸ ಸಂಪಿನ ಸೆಂಟ್ರಿಂಗ್ ಹಲಗೆ ಬಿಚ್ಚಲು ಕೆಲವು ದಿನಗಳ ನಂತರ ಇಳಿಯುತ್ತಾರೆ. ಅಷ್ಟರಲ್ಲಿ ತೇವದ ಕಟ್ಟಿಗೆ ಕೊಳೆಯುತ್ತಾ ಒಳಗಿನ ಆಮ್ಲಜನಕವನ್ನು ತಿಂದಿರುತ್ತದೆ. ವಾಸನೆಯಿಲ್ಲ, ಹೊಗೆಯಿಲ್ಲ, ಇಳಿದವನಿಗೆ ಕೂಗಲೂ ಸಮಯ ಸಿಗುವುದಿಲ್ಲ. ನೀರು ಖಾಲಿ ಮಾಡಲು ಪೆಟ್ರೋಲ್ ಪಂಪನ್ನು ಒಳಗೇ ಇಳಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಬಿದ್ದವನನ್ನು ಎತ್ತಲು ಹಾರಿದ ಎರಡನೆಯವನೂ ಅಲ್ಲೇ ಉಳಿಯುವುದು ಇಂಥ ಸಾವುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಇದಕ್ಕೆ ಉಪಾಯ ಹೊಸದೇನಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಇದನ್ನು ಸ್ಪಷ್ಟವಾಗಿ ಬರೆದಿತ್ತು: ಗಾಳಿ ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಟ್ಟಿರಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಉಪಕರಣವಿದ್ದು, ಬೆಲ್ಟಿಗೆ ಕಟ್ಟಿದ ಹಗ್ಗವನ್ನು ಹೊರಗೊಬ್ಬರು ಹಿಡಿದಿರಬೇಕು. ಒಳ್ಳೆಯ ನಿಯಮ, ಆದರೆ ಅದು ಕಾರ್ಖಾನೆಗೆ ಮೀಸಲಾಗಿತ್ತು. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನಗರಕ್ಕೆ ನೀರು ತಂದ ಸುರಂಗ ಬಾವಿಗೂ ಅಲ್ಲಲ್ಲಿ ಗಾಳಿಯಾಡುವ ಕಿಂಡಿಗಳಿವೆ. ನೆಲದಡಿ ದುಡಿಯುವವರಿಗೆ ಗಾಳಿ ಬೇಕೆಂಬುದು ಈ ಊರು ಬಹುಕಾಲದಿಂದ ಬಲ್ಲ ವಿಷಯ.

ತಂಪು ಯಂತ್ರಗಳ ಅಪಾಯ ಬೇರೆ ಬಗೆಯದು. ಪೈಪಿನ ಸೋರಿಕೆ ಪರೀಕ್ಷಿಸಲು ಒಣ ನೈಟ್ರೋಜನ್ ಬಳಸಬೇಕು. ಕೈಗೆ ಸಿಕ್ಕಿತೆಂದು ಆಕ್ಸಿಜನ್ ಹಾಯಿಸಿದರೆ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಸ್ಫೋಟವಾಗಬಹುದು. ಈಗಿನ ಎ.ಸಿ.ಗಳಲ್ಲಿರುವ ಆರ್-32 ಹಳೆಯ ಆರ್-22ರಂತಲ್ಲ, ಹೊತ್ತಿಕೊಳ್ಳಬಲ್ಲದು. ಗ್ಯಾಸ್ ಹೊರತೆಗೆಯದೆ ಬೆಸುಗೆ ಹಚ್ಚುವ ಹಳೆಯ ರೂಢಿ ಇಲ್ಲಿ ನಡೆಯದು. ದೊಡ್ಡ ಶೈತ್ಯಾಗಾರಗಳಲ್ಲಿ ಬಳಕೆಯಲ್ಲಿರುವ ಅಮೋನಿಯಾ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ.

ಪಾಲನೆ ಎಂಬುದು ಹೆಚ್ಚಾಗಿ ಕಾಗದದ ಪಾಲನೆಯಾಗಿದೆ. ಸರ್ಕಾರಿ ಟೆಂಡರಿಗೆ ಪಿ.ಎಫ್., ಇ.ಎಸ್.ಐ. ಸಂಖ್ಯೆ ಕೇಳುತ್ತಾರೆ. ಪ್ಲಂಬರನಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಮಿಕ ಕಾರ್ಡ್ ಸಿಗುತ್ತದೆ. ಅವಘಡದ ನಂತರ ಕುಟುಂಬಕ್ಕೆ ಅದು ನಿಜಕ್ಕೂ ಆಸರೆ, ಆದರೆ ಅವಘಡವನ್ನು ಅದು ತಡೆಯುವುದಿಲ್ಲ. 2023ರ ಡಿಸೆಂಬರಿನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಲುಕಿ ಬಿಹಾರದ ಏಳು ಕಾರ್ಮಿಕರು ಸತ್ತಾಗ ನಾಡೆಲ್ಲ ಕಾರ್ಮಿಕರ ಸುರಕ್ಷತೆಯ ಮಾತಾಡಿತು. ಒಬ್ಬಿಬ್ಬರ ಸಾವಿಗೆ ಆ ಗಮನ ಸಿಗುವುದಿಲ್ಲ.

ಬೇರೆ ದಾರಿ ನಮ್ಮ ಕಾನೂನಿನಲ್ಲೇ ಇದೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ತಲೆ ಎಣಿಸುವುದಿಲ್ಲ. ಒಳಚರಂಡಿ, ಸೆಪ್ಟಿಕ್ ಟ್ಯಾಂಕನ್ನು ಅಪಾಯಕಾರಿ ರೀತಿಯಲ್ಲಿ ಸ್ವಚ್ಛಗೊಳಿಸಲು ಒಬ್ಬನನ್ನೇ ಹಚ್ಚಿದರೂ ಅಪರಾಧ. ನೇರವಾಗಿ ಹಚ್ಚಿದವರಷ್ಟೇ ಅಲ್ಲ, ಪರೋಕ್ಷವಾಗಿ ಹಚ್ಚಿದವರೂ ಹೊಣೆ. ಒಳಚರಂಡಿ ಸಾವಿನ ಪರಿಹಾರವನ್ನು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ 30 ಲಕ್ಷಕ್ಕೆ ಏರಿಸಿತು. ಆ ಕಾಯ್ದೆಯ ಜಾರಿಯಲ್ಲಿ ಕೊರತೆಗಳಿವೆ, ಆದರೆ ಅದರ ಕಟ್ಟು ಸರಿಯಾಗಿದೆ: ಹೊಣೆಯನ್ನು ಕೆಲಸಕ್ಕೆ ಕಟ್ಟಿದೆ, ಸಂಖ್ಯೆಗಲ್ಲ. ಸಂಪು, ಅಮೋನಿಯಾ ಪೈಪು, ಎತ್ತರದ ಗೋಡೆಗೆ ಎ.ಸಿ. ಕೂರಿಸುವಿಕೆ, ಇವಕ್ಕೂ ಅದೇ ಕಟ್ಟು ಬೇಕು. ಕಟ್ಟಡ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗಳು ಸಂಪಿಗಿಳಿಯುವ ಮುನ್ನ ಗಾಳಿ ಪರೀಕ್ಷೆಯ ಷರತ್ತು ಹಾಕಬಹುದು. ಶೈತ್ಯಾಗಾರದ ಮಾಲೀಕರು ರಿಪೇರಿ ತಂಡಕ್ಕೆ ಲಿಖಿತ ಅನುಮತಿಯನ್ನೂ ಮಾಸ್ಕನ್ನೂ ಕೊಡುವಂತೆ ಮಾಡಬಹುದು. ಗಾಳಿ ಪರೀಕ್ಷಿಸುವ ಮೀಟರು, ಬ್ಲೋವರ್, ಮೂರು ಕಾಲಿನ ಸ್ಟ್ಯಾಂಡು, ಹಗ್ಗ, ಬೆಲ್ಟುಗಳನ್ನು ಪ್ರತಿ ಮೇಸ್ತ್ರಿಯೂ ಕೊಳ್ಳಬೇಕಿಲ್ಲ. ಸೆಂಟ್ರಿಂಗ್ ಸಾಮಾನು ದಿನದ ಬಾಡಿಗೆಗೆ ಸಿಗುವ ಅಂಗಡಿಯಲ್ಲೇ ಇವನ್ನೂ ಇಡಬಹುದು, ಬಾಡಿಗೆಯನ್ನು ಮನೆ ಕಟ್ಟಿಸುವವರ ಅಂದಾಜು ಪಟ್ಟಿಯಲ್ಲೇ ಸೇರಿಸಬಹುದು.