ಮುಚ್ಚಳ ಬಿಟ್ಟ ಪೆನ್ನು, ಬೆರಳಿಗೆ ಸಿಕ್ಕ ಕ್ಲಿಪ್ಪು

ಇಂಕ್ ಪೆನ್ನಿನಲ್ಲಿ ಬರೆಯುವವರಿಗೆ ಬರೆಯುವ ಕೆಲಸದ ಜೊತೆಗೆ ಮುಚ್ಚಳ ಕಾಯುವ ಕೆಲಸವೂ ಇರುತ್ತದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೆನ್ನು ಹಿಡಿದು ಯಾರದೋ ನಂಬರು ಬರೆದುಕೊಳ್ಳಬೇಕೆಂದರೆ ಮುಚ್ಚಳ ತಿರುಗಿಸಲು ಮೂರನೆಯ ಕೈ ಬೇಕು. ತೆರೆದಿಟ್ಟು ಮಾತಿಗೆ ಕೂತರೆ ನಿಬ್ಬು ಒಣಗುತ್ತದೆ, ಮುಚ್ಚಿಟ್ಟರೆ ಮರುಕ್ಷಣವೇ ಬರೆಯುವುದೇನೋ ನೆನಪಾಗುತ್ತದೆ. ಗುಂಡಿ ಒತ್ತಿದರೆ ನಿಬ್ಬು ಹೊರಬಂದು, ಇನ್ನೊಮ್ಮೆ ಒತ್ತಿದರೆ ಒಳಸರಿಯುವ ಪೆನ್ನುಗಳು ಹುಟ್ಟಿದ್ದು ಈ ತಾಪತ್ರಯ ಕಳೆಯಲೆಂದೇ. ಅವು ಅದನ್ನು ಕಳೆದದ್ದೂ ನಿಜ. ಆದರೆ ಕಳೆದ ಜಾಗಕ್ಕೆ ಬೇರೊಂದನ್ನು ತಂದಿಟ್ಟವು. ಈ ಜಾತಿಯ ಪೆನ್ನುಗಳನ್ನು ಅಳೆಯುವಾಗ ಗುಂಡಿ ಎಷ್ಟು ಚೆನ್ನಾಗಿ ಟಿಕ್ಕೆನ್ನುತ್ತದೆ ಎಂದು ನೋಡುವುದಕ್ಕಿಂತ, ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಬೆರಳು ಏನೆನ್ನುತ್ತದೆ ಎಂದು ಕೇಳುವುದು ಒಳ್ಳೆಯದು.

ನಿಬ್ಬನ್ನು ಒಳಗೆಳೆದುಕೊಳ್ಳುವ ಯೋಚನೆ ಹೊಸದಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ‘ಸೇಫ್ಟಿ ಪೆನ್’ಗಳು ಬಂದಿದ್ದವು. ಹಿಂಬದಿ ತಿರುಗಿಸಿದರೆ ಅವುಗಳ ನಿಬ್ಬು ಇಂಕಿನೊಳಕ್ಕೇ ಮುಳುಗುತ್ತಿತ್ತು, ಆಮೇಲೆ ಮೇಲೊಂದು ಮುಚ್ಚಳವನ್ನೂ ಹಾಕಬೇಕಿತ್ತು. ಆ ಮುಚ್ಚಳವನ್ನೂ ಬಿಡಿಸಿ, ಪೆನ್ನನ್ನು ದಿನಬಳಕೆಗೆ ಗಟ್ಟಿಯಾಗಿ ನಿಲ್ಲಿಸಿದ ಕೀರ್ತಿ ಜಪಾನಿನ ಪೈಲಟ್ ಕಂಪನಿಗೆ ಸಲ್ಲಬೇಕು. ಬಾಲ್‌ಪೆನ್ನು ಇಂಕ್ ಪೆನ್ನಿನ ಮಾರುಕಟ್ಟೆಯನ್ನು ನುಂಗುತ್ತಿದ್ದ ಹೊತ್ತಿನಲ್ಲಿ, 1963ರಲ್ಲಿ, ಅದು ‘ಕ್ಯಾಪ್‌ಲೆಸ್’ ಅನ್ನು ತಂದಿತು. ಮೊದಲ ಮಾದರಿಯನ್ನು ತಿರುಗಿಸಬೇಕಿತ್ತು, ಒತ್ತುವ ಗುಂಡಿ ಬಂದದ್ದು ಅದರ ಬೆನ್ನಿಗೆ. ಅಮೆರಿಕದಲ್ಲಿ ಇದೇ ಪೆನ್ನು ‘ವ್ಯಾನಿಷಿಂಗ್ ಪಾಯಿಂಟ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಆರು ದಶಕ ಕಳೆದರೂ ಈ ವರ್ಗದ ಪೆನ್ನುಗಳಿಗೆಲ್ಲ ಅದೇ ಅಳತೆಗೋಲು.

ಅದರ ಒಳಗನ್ನು ಒಮ್ಮೆ ನೋಡಬೇಕು. ನಿಬ್ಬು, ಅದರ ಕೆಳಗಿನ ಫೀಡು, ಹಿಂದಿನ ಇಂಕಿನ ಕೊಳವೆ ಮೂರೂ ಸೇರಿ ಒಂದೇ ಉದ್ದನೆಯ ತುಂಡು. ಗುಂಡಿ ಒತ್ತಿದಾಗ ಆ ಇಡೀ ತುಂಡೇ ಮುಂದಕ್ಕೆ ಜರುಗುತ್ತದೆ. ಮೂತಿಯ ಒಳಗಡೆ ಸ್ಪ್ರಿಂಗಿನ ಬಲದಲ್ಲಿ ಮುಚ್ಚಿಕೊಂಡಿರುವ ಒಂದು ಪುಟ್ಟ ಬಾಗಿಲಿದೆ. ನಿಬ್ಬು ಅದನ್ನು ತಳ್ಳಿಕೊಂಡು ಹೊರಬರುತ್ತದೆ, ಒಳಹೋದೊಡನೆ ಬಾಗಿಲು ತಾನಾಗಿ ಮುಚ್ಚುತ್ತದೆ. ನಿಬ್ಬು ಒಣಗದಂತೆ ತಡೆಯಲು ಇರುವುದು ಆ ಬಾಗಿಲೊಂದೇ. ಅಷ್ಟು ಕಿರಿದಾದ ಮೂತಿಯಲ್ಲಿ ಹೋಗಿಬರಬೇಕಾದ್ದರಿಂದ ನಿಬ್ಬು ಕೂಡ ಮಾಮೂಲಿ ಪೆನ್ನಿನದಕ್ಕಿಂತ ಸಣ್ಣದು.

ತಕರಾರು ಹುಟ್ಟುವುದು ಕ್ಲಿಪ್ಪಿನಲ್ಲಿ. ಬಾಲ್‌ಪೆನ್ನಿನಂತೆ ಗುಂಡಿಯ ಕಡೆ ಕ್ಲಿಪ್ಪು ಇಟ್ಟರೆ ಜೇಬಿನಲ್ಲಿ ನಿಬ್ಬು ಕೆಳಮುಖವಾಗುತ್ತದೆ, ಇಂಕು ಮೂತಿಗಿಳಿದು ಅಂಗಿ ಹಾಳಾಗುತ್ತದೆ. ನಿಬ್ಬು ಮೇಲ್ಮುಖವಾಗಿ ನಿಲ್ಲಬೇಕೆಂದರೆ ಕ್ಲಿಪ್ಪು ನಿಬ್ಬಿನ ಕಡೆಗೇ ಇರಬೇಕು. ಅಂದರೆ ಹೆಬ್ಬೆರಳೂ ತೋರುಬೆರಳೂ ಕೂರುವ ಜಾಗದಲ್ಲಿ ಒಂದು ಲೋಹದ ಪಟ್ಟಿ. ಮುಚ್ಚಳ ಹೋಯಿತು, ಕ್ಲಿಪ್ಪು ಕೈಗೆ ಬಂತು. ಮುಂದೆ ಹೇಳುವ ಪೆನ್ನುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಮುಖ್ಯ ವ್ಯತ್ಯಾಸ ಈ ಪಟ್ಟಿಯನ್ನು ಏನು ಮಾಡಿದರು ಎಂಬುದರಲ್ಲಿದೆ.

ಪೈಲಟ್ ಏನೂ ಮಾಡಲಿಲ್ಲ, ಅಲ್ಲೇ ಬಿಟ್ಟಿತು. ಆದರೆ ಅದನ್ನು ಸಣ್ಣದು ಮಾಡಿ, ನಿಬ್ಬಿನ ನಡುಗೆರೆಗೆ ಸರಿಯಾಗಿ ಕೂರಿಸಿತು. ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ ಮೂರು ಬೆರಳಿನಲ್ಲಿ ಹಿಡಿಯುವವರಿಗೆ ಎರಡು ಬೆರಳುಗಳು ಕ್ಲಿಪ್ಪಿನ ಇಕ್ಕೆಲಕ್ಕೆ ಬೀಳುತ್ತವೆ. ಪೆನ್ನು ಹೊರಳುವುದಿಲ್ಲ, ಸ್ವಲ್ಪ ಹೊತ್ತಿಗೆ ಕ್ಲಿಪ್ಪು ಇದೆ ಎಂಬುದೂ ಮರೆತುಹೋಗುತ್ತದೆ. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಹಾಯಿಸಿ ಹಿಡಿಯುವವರು, ಬರೆಯುತ್ತ ಬರೆಯುತ್ತ ಪೆನ್ನನ್ನು ಒಳಕ್ಕೆ ಹೊರಳಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರಿಗೆ ಇದೇ ಪಟ್ಟಿ ಗೆಣ್ಣಿಗೆ ಒತ್ತುತ್ತದೆ, ಪುಟ ಮುಗಿಯುವಷ್ಟರಲ್ಲಿ ಗುರುತು ಮೂಡುತ್ತದೆ. ರೂಢಿಯಾದರೆ ಸರಿಹೋಗುತ್ತದೆ ಎಂಬ ಸಮಾಧಾನದ ಮಾತನ್ನು ನಂಬಿ ಹಣ ಹಾಕಬಾರದು. ನಲವತ್ತು ವರ್ಷ ಒಂದೇ ರೀತಿ ಹಿಡಿದ ಕೈ ಪೆನ್ನಿಗಾಗಿ ಬದಲಾಗುವುದಿಲ್ಲ.

ಹಿತ್ತಾಳೆ ಮೈಯ ಮಾಮೂಲಿ ಕ್ಯಾಪ್‌ಲೆಸ್ ಸುಮಾರು 30 ಗ್ರಾಂ ತೂಗುತ್ತದೆ. 2005ರಲ್ಲಿ ಬಂದ ‘ಡೆಸಿಮೊ’ ಅದರ ತೆಳು ತಮ್ಮ: ಅಲ್ಯೂಮಿನಿಯಂ ಮೈ, ಸುಮಾರು 21 ಗ್ರಾಂ, ದಪ್ಪ 12 ಮಿಲಿಮೀಟರ್. ಕಾಗದದ ಮೇಲೆ ಈ ಅಂಕಿಗಳು ಅಲ್ಪವೆನಿಸುತ್ತವೆ. ಆದರೆ ಬೆರಳುಗಳ ನಡುವೆ ಒಂದೂವರೆ ಮಿಲಿಮೀಟರ್ ಕಡಿಮೆಯಾದರೆ ಸಣ್ಣ ಕೈಯವರಿಗೆ ಪೆನ್ನು ಬೇರೆಯದೇ ಆಗಿಬಿಡುತ್ತದೆ. ಕ್ಲಿಪ್ಪನ್ನು ಬಳಸಿಕೊಂಡು ಬೆರಳು ಕೂರಲೂ ಜಾಗ ಸಿಗುತ್ತದೆ. ನಿಬ್ಬಿನ ತುಂಡು ಎರಡಕ್ಕೂ ಒಂದೇ ಆದ್ದರಿಂದ ಬರವಣಿಗೆಯಲ್ಲಿ ಡೆಸಿಮೊ ಏನನ್ನೂ ಬಿಟ್ಟುಕೊಡುವುದಿಲ್ಲ. 2019ರ ‘ಕ್ಯಾಪ್‌ಲೆಸ್ ಎಲ್ಎಸ್’ ಸದ್ದು ಅಡಗಿಸಿದ ದುಬಾರಿ ರೂಪ. ಒತ್ತಿದರೆ ನಿಬ್ಬು ಹೊರಗೆ, ತಿರುಗಿಸಿದರೆ ಒಳಗೆ. ಸಭೆಯಲ್ಲಿ ಟಿಕ್ಕೆನ್ನಿಸಿ ಮುಜುಗರಪಡುವವರಿಗೆ ಸರಿ. ಆದರೆ ಒಳಸೇರಿಸಲು ಮತ್ತೆ ಎರಡು ಕೈ ಬೇಕಾದರೆ ಮೂಲ ಉದ್ದೇಶದ ಅರ್ಧ ಅಲ್ಲೇ ಹೋಯಿತು.

ಜರ್ಮನಿಯ ಲ್ಯಾಮಿ 2009ರಲ್ಲಿ ತಂದ ‘ಡೈಲಾಗ್ 3’ ಕ್ಲಿಪ್ಪಿಗೆ ಬುದ್ಧಿವಂತಿಕೆಯ ಉತ್ತರ ಕೊಟ್ಟಿತು. ವಿನ್ಯಾಸ ಫ್ರಾಂಕೊ ಕ್ಲಿವಿಯೊ ಅವರದು. ಇದರಲ್ಲಿ ಗುಂಡಿಯಿಲ್ಲ, ಮೈಯನ್ನೇ ತಿರುಗಿಸಬೇಕು. ತಿರುಗಿಸುತ್ತಿದ್ದ ಹಾಗೆ ಮೂತಿಯಲ್ಲಿರುವ ತೂತುಳ್ಳ ಪುಟ್ಟ ಗುಂಡು ಹೊರಳಿ ದಾರಿ ಬಿಡುತ್ತದೆ, ನಿಬ್ಬು ಬರುತ್ತದೆ, ಜೊತೆಗೇ ಕ್ಲಿಪ್ಪು ತಗ್ಗಿ ಮೈಗೆ ಅಂಟಿಕೊಳ್ಳುತ್ತದೆ. ಬೆರಳಿಗೆ ದಾರಿಬಿಟ್ಟಂತೆಯೂ ಆಯಿತು, ನಿಬ್ಬು ಹೊರಗಿರುವಾಗ ಜೇಬಿಗೆ ಸಿಕ್ಕಿಸಲು ಹೋದವರನ್ನು ಎಚ್ಚರಿಸಿದಂತೆಯೂ ಆಯಿತು. ಯಂತ್ರದ ದೃಷ್ಟಿಯಿಂದ ಇಲ್ಲಿನ ಎಲ್ಲ ಪೆನ್ನುಗಳಲ್ಲಿ ಇದೇ ಮೇಲು. ಬರೆಯಲು ಕೂತಾಗ ಲೆಕ್ಕ ಬದಲಾಗುತ್ತದೆ. ತೂಕ ನಲವತ್ತೈದು ಗ್ರಾಂ ಮೀರುತ್ತದೆ, ಅಂದರೆ ಎರಡು ಡೆಸಿಮೊಗಳನ್ನು ಒಟ್ಟಿಗೆ ಹಿಡಿದ ಹಾಗೆ. ಹಿಡಿಯುವ ಜಾಗ ಉದ್ದಕ್ಕೂ ಒಂದೇ ದಪ್ಪದ ನುಣ್ಣನೆಯ ಲೋಹ. ಮಂಗಳೂರಿನ ಏಪ್ರಿಲ್ ಮಧ್ಯಾಹ್ನ ಬೆವರಿದ ಬೆರಳು ಅದರ ಮೇಲೆ ನಿಬ್ಬಿನ ಕಡೆಗೆ ಜಾರುತ್ತಲೇ ಇರುತ್ತದೆ. ಸಹಿ ಹಾಕುವ ಮೇಜಿಗೆ ಇದು ಶೋಭೆ, ಹತ್ತು ಪುಟದ ಲೇಖನಕ್ಕೆ ಶಿಕ್ಷೆ. ಕಂಪನಿ ಆಮೇಲೆ ‘ಡೈಲಾಗ್ ಸಿಸಿ’ಯಲ್ಲಿ ಕ್ಲಿಪ್ಪನ್ನೇ ತೆಗೆದುಹಾಕಿತು. ಅಲ್ಲಿಗೆ ಬೆರಳಿನ ಸಮಸ್ಯೆ ಮುಗಿಯಿತು, ಜೇಬಿನದು ಶುರುವಾಯಿತು.

ಪ್ಲಾಟಿನಂ ಕಂಪನಿಯ ‘ಕ್ಯುರಿಡಾಸ್’ 2020ರಲ್ಲಿ ಮಾರುಕಟ್ಟೆಗೆ ಬಂದಾಗ ಜಪಾನಿನಲ್ಲಿ ಅದರ ಬೆಲೆ 7,000 ಯೆನ್. ಒಳಗಿನ ಕೆಲಸವೆಲ್ಲ ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಮೈ, ಉಕ್ಕಿನ ನಿಬ್ಬು. ಕ್ಲಿಪ್ಪಿನ ತೀರ್ಮಾನವನ್ನು ಇದು ಕೊಂಡವರಿಗೇ ಬಿಟ್ಟಿದೆ, ಬೇಡವೆನಿಸಿದರೆ ಕಳಚಬಹುದು. ಕಳಚಿದ ಮೇಲೂ ಅದನ್ನು ಸಿಕ್ಕಿಸುವ ಸಣ್ಣ ಮೊಟಕು ಉಳಿಯುತ್ತದೆ, ಸೂಕ್ಷ್ಮ ಬೆರಳಿಗೆ ಅದೂ ತಿಳಿಯುತ್ತದೆ. ಇಪ್ಪತ್ತೈದು ಗ್ರಾಮಿನ ಆಸುಪಾಸಿನ ತೂಕ ಹಿತವಾಗಿದೆ. ಗುಂಡಿ ಮಾತ್ರ ಉದ್ದ, ಅದರ ಓಟ ಇನ್ನೂ ಉದ್ದ. ನಿಬ್ಬು ಒಳಗಿದ್ದಾಗ ಪೆನ್ನು ಹದಿನೈದು ಸೆಂಟಿಮೀಟರ್ ದಾಟುತ್ತದೆ. ಹಿಡಿತ ಬದಲಿಸದೆ ಹೆಬ್ಬೆರಳಿನಿಂದ ಕೊನೆಯವರೆಗೆ ಒತ್ತಲು ದೊಡ್ಡ ಕೈಯೇ ಬೇಕು. ಕಡಿಮೆ ಬೆಲೆಯ ಚೀನೀ ದಾರಿಯೂ ಉಂಟು: ಮಾಜೋನ್ ಕಂಪನಿಯ ‘ಎ1’ ಪೈಲಟ್ಟಿನ ನೇರ ನಕಲು. ಕ್ಲಿಪ್ಪು ಇರುವುದೂ ಇಲ್ಲದಿರುವುದೂ ಎರಡೂ ಸಿಗುವುದರಿಂದ, ಈ ಬಗೆಯ ಪೆನ್ನು ತನ್ನ ಕೈಗೆ ಒಗ್ಗುತ್ತದೆಯೇ ಎಂದು ಅಗ್ಗದಲ್ಲಿ ತಿಳಿದುಕೊಳ್ಳಲು ಉಪಯುಕ್ತ. ಉಕ್ಕಿನ ನಿಬ್ಬು ಗಡಸು, ಒಂದು ಪೆನ್ನಿನಂತೆ ಇನ್ನೊಂದು ಇರುತ್ತದೆಂಬ ಭರವಸೆ ಬೇಡ.

ಇನ್ನು ಕಾಗದದ ಮೇಲಿನ ಸ್ಪರ್ಶ. ಚಿನ್ನದ ನಿಬ್ಬು ನುಣುಪು, ಉಕ್ಕಿನದು ಒರಟು ಎಂಬ ನಂಬಿಕೆ ಬಲವಾಗಿದೆ. ಆದರೆ ಕಾಗದವನ್ನು ಮುಟ್ಟುವುದು ಚಿನ್ನವೂ ಅಲ್ಲ, ಉಕ್ಕೂ ಅಲ್ಲ. ಎರಡರ ತುದಿಗೂ ಬೆಸೆದಿರುವುದು ಸವೆಯದ ಗಟ್ಟಿ ಮಿಶ್ರಲೋಹದ ಒಂದು ಕಾಳು. ನುಣುಪು ಆ ಕಾಳನ್ನು ಉಜ್ಜಿದ ಕೈಚಳಕಕ್ಕೆ ಸೇರಿದ್ದು. ಚಿನ್ನ ಕೊಡುವುದು ಬಾಗುವ ಗುಣವನ್ನು. ಕ್ಯಾಪ್‌ಲೆಸ್ಸಿನ 18 ಕ್ಯಾರಟ್ ನಿಬ್ಬು ಸಣ್ಣದಾದರೂ ಒತ್ತಡಕ್ಕೆ ತುಸು ಮಣಿಯುತ್ತದೆ, ಕ್ಯುರಿಡಾಸ್‌ನ ಉಕ್ಕು ಮಣಿಯದೆ ನೇರವಾಗಿ ಗೆರೆ ಎಳೆಯುತ್ತದೆ.

ಕನ್ನಡ ಬರೆಯುವವರಿಗೆ ಇದು ಬರೀ ಷೋಕಿಯ ಮಾತಲ್ಲ. ನಮ್ಮ ಅಕ್ಷರದಲ್ಲಿ ನೇರ ಗೆರೆ ಅಪರೂಪ. ಒಂದು ‘ಠ’ ಬರೆದರೆ ನಿಬ್ಬು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆಗೂ ಒಂದು ಸುತ್ತು ಹಾಕಿರುತ್ತದೆ. ತುದಿಯ ಕಾಳಿನಲ್ಲಿ ಒಂದು ಮಗ್ಗುಲು ಒರಟಾಗಿದ್ದರೂ ಸುತ್ತಿನ ಆ ಭಾಗದಲ್ಲಿ ಕೆರೆದು ಗೊತ್ತಾಗುತ್ತದೆ. ಅದರ ಮೇಲೆ ಒತ್ತಕ್ಷರಗಳು. ಸಾಮಾನ್ಯ ಗೆರೆ ಪುಸ್ತಕದಲ್ಲಿ ‘ಸ್ವಾತಂತ್ರ್ಯ’ ಎಂದು ಬರೆದು ನೋಡಿ: ಕೊನೆಯ ಅಕ್ಷರದ ಕೆಳಗೆ ರಕಾರ, ಯಕಾರ ಎರಡಕ್ಕೂ ಜಾಗ ಬೇಕು, ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು. ಜಪಾನಿನ ‘ಫೈನ್’ ಯುರೋಪಿನ ‘ಫೈನ್’ಗಿಂತ ಒಂದು ದರ್ಜೆ ತೆಳು, ಹಾಗಾಗಿ ಪೈಲಟ್ ಮತ್ತು ಪ್ಲಾಟಿನಂಗಳಲ್ಲಿ ಒತ್ತು ಬಿಡಿಬಿಡಿಯಾಗಿ ನಿಲ್ಲುತ್ತದೆ. ಲ್ಯಾಮಿಯ ಗೆರೆ ತುಂಬಿಕೊಂಡು ಹರಿಯುತ್ತದೆ, ಕೈಗೆ ಹಿತ. ಆದರೆ ನಮ್ಮ ತೆಳು ನೋಟ್‌ಬುಕ್ಕಿನಲ್ಲಿ ಒತ್ತುಗಳ ಹೊಟ್ಟೆ ಮುಚ್ಚಿಕೊಂಡು ಇಂಕು ಹಿಂಬದಿಗೂ ಇಳಿಯುತ್ತದೆ. ಲ್ಯಾಮಿ ಬೇಕೆನ್ನುವವರು ‘ಎಕ್ಸ್‌ಟ್ರಾ ಫೈನ್’ ಕೇಳುವುದು ಮೇಲು.

ಇಷ್ಟಾದ ಮೇಲೂ ಈ ಪೆನ್ನುಗಳೆಲ್ಲವಕ್ಕೂ ಸಾಮಾನ್ಯವಾದ ಮಿತಿಗಳಿವೆ. ಕ್ಯಾಪ್‌ಲೆಸ್ಸಿನಲ್ಲಿ ಕೂರುವ ‘ಕಾನ್-40’ ಕನ್ವರ್ಟರ್ ಹಿಡಿಯುವುದು ಸುಮಾರು 0.4 ಮಿಲಿಲೀಟರ್ ಇಂಕು, ಕಾರ್ಟ್ರಿಜ್ ಹಾಕಿದರೆ 0.9. ದಿನವೂ ಪುಟಗಟ್ಟಲೆ ಬರೆಯುವವರು ಬಾಟಲಿಯನ್ನು ಮೇಜಿನ ಮೇಲೆಯೇ ಇಟ್ಟುಕೊಳ್ಳಬೇಕು. ಮೂತಿಯ ಪುಟ್ಟ ಬಾಗಿಲು ಎಷ್ಟೇ ಚೆನ್ನಾಗಿ ಮುಚ್ಚಿಕೊಂಡರೂ ಒಳ್ಳೆಯ ಮುಚ್ಚಳದ ಸಮಕ್ಕೆ ಬರುವುದಿಲ್ಲ. ಇದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ. ಕ್ಯುರಿಡಾಸ್ ಮಾಡಿದ ಪ್ಲಾಟಿನಂ ಕಂಪನಿಯೇ 2011ರಲ್ಲಿ ‘3776 ಸೆಂಚುರಿ’ ಪೆನ್ನಿಗೆ ಒಳಮುಚ್ಚಳದ ವ್ಯವಸ್ಥೆ ಮಾಡಿ, ಎರಡು ವರ್ಷ ಮುಟ್ಟದಿದ್ದರೂ ಇಂಕು ಒಣಗದು ಎಂದು ಹೇಳಿಕೊಂಡಿತು. ನಿಬ್ಬು ಒಳಸರಿಯುವ ಪೆನ್ನಿನ ಬಗ್ಗೆ ಅಂಥ ಮಾತು ಹೇಳಲಾಗುವುದಿಲ್ಲ.

ಹಾಗಾದರೆ ಇವು ಯಾರಿಗೆ? ಬಿಟ್ಟು ಬಿಟ್ಟು ಬರೆಯುವವರಿಗೆ. ರೋಗಿಗೊಂದು ಚೀಟಿ ಬರೆಯುವ ವೈದ್ಯರು, ಭಾಷಣ ಕೇಳುತ್ತ ಟಿಪ್ಪಣಿ ಮಾಡಿಕೊಳ್ಳುವ ವರದಿಗಾರರು, ಉತ್ತರಪತ್ರಿಕೆಯ ಅಂಚಿನಲ್ಲಿ ಅಂಕ ಹಾಕುವ ಮೇಷ್ಟ್ರು, ಇವರಿಗೆ ಮುಚ್ಚಳ ದಿನಕ್ಕೆ ನೂರು ಸಲ ಅಡ್ಡಬರುತ್ತದೆ. ಇವರಲ್ಲಿ ಮೂರು ಬೆರಳಿನ ಹಿಡಿತವಿದ್ದು, ಹತ್ತು ಸಾವಿರ ರೂಪಾಯಿ ಮೀರಿದ ಬೆಲೆ ಕೊಡಬಲ್ಲವರಿಗೆ ಡೆಸಿಮೊಗಿಂತ ಒಳ್ಳೆಯದನ್ನು ನಾನು ಹೇಳಲಾರೆ. ಅಷ್ಟು ಕೊಡಲಾಗದ ದೊಡ್ಡ ಕೈಯವರಿಗೆ ಕ್ಯುರಿಡಾಸ್, ಬರೆಯುವುದಕ್ಕಿಂತ ಸಹಿ ಹೆಚ್ಚು ಹಾಕುವವರಿಗೆ ಡೈಲಾಗ್. ಬೆಳಗ್ಗೆ ಕೂತರೆ ಮಧ್ಯಾಹ್ನದವರೆಗೆ ಒಂದೇ ಸಮನೆ ಬರೆಯುವವರು ಮುಚ್ಚಳ ತೆರೆಯುವುದು ಒಂದೇ ಸಲ. ಆ ಒಂದು ಸಲದ ತ್ರಾಸು ಉಳಿಸಲು ಮೂರು ಗಂಟೆ ಕ್ಲಿಪ್ಪಿನ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಅವರು ಮುಚ್ಚಳದ ಪೆನ್ನಿನಲ್ಲೇ ಇರಲಿ.

ಕೊಳ್ಳಲು ಅಂಗಡಿಗೆ ಹೋದವರು ಮೊದಲು ಮಾಡುವುದು ಗುಂಡಿಯನ್ನು ನಾಲ್ಕು ಸಲ ಟಿಕ್ಕೆನ್ನಿಸುವುದು. ಅದರಿಂದ ತಿಳಿಯುವುದು ಏನೂ ಇಲ್ಲ. ಸ್ವಂತ ನೋಟ್‌ಬುಕ್ಕನ್ನೇ ಒಯ್ದು, ನಿತ್ಯದ ವೇಗದಲ್ಲಿ, ಒತ್ತಕ್ಷರ ದಂಡಿಯಾಗಿರುವ ಒಂದಿಡೀ ಪುಟ ಬರೆಯಬೇಕು. ಅಷ್ಟು ಬರೆಯಲು ಬಿಡದ ಅಂಗಡಿಯಲ್ಲಿ ಈ ಬಗೆಯ ಪೆನ್ನನ್ನು ಕೊಳ್ಳದಿರುವುದೇ ಲೇಸು.